ಸಾಲದ ಹೊಣೆ: ಸಾಹುಕಾರನ ಕಾಲದಿಂದ ಸಂಘದ ಕಾಲದವರೆಗೆ

ರಜತ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿರಿ ಎಂದು ಸಂಪಾದಕ ಮಂಡಳಿಯವರು ಹೇಳಿದರು. ಸಂಘ ಬೆಳೆದು ಬಂದ ದಾರಿಯನ್ನು ಅಧ್ಯಕ್ಷರೂ ಕಾರ್ಯದರ್ಶಿಗಳೂ ಬರೆದೇ ಬರೆಯುತ್ತಾರೆ. ಆದ್ದರಿಂದ ನಾನು ಬೇರೆ ವಿಷಯ ತೆಗೆದುಕೊಂಡಿದ್ದೇನೆ. ಪ್ರತಿ ವರ್ಷ ಸರ್ವಸಾಧಾರಣ ಸಭೆಯಲ್ಲಿ ಯಾರಾದರೊಬ್ಬರು ಎದ್ದು ನಿಂತು ಕೇಳುವ ಪ್ರಶ್ನೆ ಇದು: "ಸಾಲ ತಗೊಂಡವ ತೀರಿಕೊಂಡ, ಇಲ್ಲಾ ಊರು ಬಿಟ್ಟ. ಈಗ ಯಾರು ತುಂಬಬೇಕ್ರೀ?" ಇದಕ್ಕೆ ಒಂದೊಂದು ಕಾಲದಲ್ಲಿ ಕಾಯದೆ ಒಂದೊಂದು ಉತ್ತರ ಕೊಟ್ಟಿದೆ.

ಬಹಳ ಹಿಂದೆ ಹೋದರೆ, ಮುಂಬಯಿ ಪ್ರಾಂತ್ಯದಲ್ಲಿ ಅಪ್ಪನ ಸಾಲ ಮಗನ ಕೊರಳಿಗೆ ಬೀಳುತ್ತಿತ್ತು. ಅಪ್ಪ ಒಂದು ಗುಂಟೆ ಹೊಲ ಬಿಟ್ಟು ಹೋಗದಿದ್ದರೂ ಮಗ ತನ್ನ ದುಡಿಮೆಯಿಂದಲೇ ತೀರಿಸಬೇಕು ಎಂದು ಕೋರ್ಟುಗಳು ಹೇಳುತ್ತಿದ್ದವು. 1866ರಲ್ಲಿ ಮುಂಬಯಿ ಸರಕಾರ ಒಂದು ಕಾಯದೆ ತಂದು, ವಾರಸುದಾರನಿಗೆ ಎಷ್ಟು ಆಸ್ತಿ ಬಂದಿದೆಯೋ ಅಷ್ಟಕ್ಕೆ ಮಾತ್ರ ಹೊಣೆ ಎಂದು ಮಾಡಿತು. ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲೇ ಇದ್ದುದರಿಂದ ನಮ್ಮ ಮುತ್ತಜ್ಜರಿಗೂ ಈ ಕಾಯದೆ ಅನ್ವಯಿಸಿತ್ತು.

ಆದರೆ ಸಾಹುಕಾರನ ಕೈಯಲ್ಲಿ ಬೇರೆ ದಾರಿಗಳಿದ್ದವು. 1859ರ ವಾಯಿದೆ ಕಾಯದೆ ಪ್ರಕಾರ ನೋಂದಣಿಯಾಗದ ಸಾಲಪತ್ರಕ್ಕೆ 3 ವರ್ಷದೊಳಗೆ ದಾವೆ ಹೂಡಬೇಕು. ರೈತನಿಗೆ ಅನುಕೂಲವಾಗಲೆಂದು ಮಾಡಿದ ಈ ಕಾಯದೆಯೇ ಅವನಿಗೆ ಮುಳ್ಳಾಯಿತು. ಮೂರು ವರ್ಷ ತುಂಬುವ ಮೊದಲೇ ಸಾಹುಕಾರ ರೈತನನ್ನು ಕರೆಸಿ, ಬಡ್ಡಿಯನ್ನು ಅಸಲಿಗೆ ಕೂಡಿಸಿ ಹೊಸ ಪತ್ರ ಬರೆಸಿಕೊಳ್ಳುವನು. ಮತ್ತೆ ಮೂರು ವರ್ಷಕ್ಕೆ ಮತ್ತೊಂದು ಪತ್ರ. ಓದುಬರಹ ಬಾರದವ ಹೆಬ್ಬೆಟ್ಟು ಒತ್ತುವನು. ಕೋರ್ಟು ಹೊಸ ಪತ್ರದಲ್ಲಿದ್ದ ರಕಮು ನೋಡಿ ಡಿಕ್ರಿ ಕೊಡುವುದು. ಕೈಗೆ ಬಂದದ್ದು ಎಷ್ಟು, ಕಾಗದದಲ್ಲಿ ಬೆಳೆದದ್ದು ಎಷ್ಟು ಎಂದು ಕೇಳುವವರಿರಲಿಲ್ಲ.

ಇದರ ಸಿಟ್ಟು ಒಡೆದದ್ದು 1875ರಲ್ಲಿ. ಪುಣೆ ಜಿಲ್ಲೆಯ ಸುಪೆ ಎಂಬ ಊರಿನಲ್ಲಿ ಮೇ ತಿಂಗಳು ರೈತರು ಸಾಹುಕಾರರ ಮನೆಗಳಿಗೆ ನುಗ್ಗಿದರು. ಗಲಭೆ ಪುಣೆ, ಅಹಮದನಗರ ಜಿಲ್ಲೆಗಳ ಹಳ್ಳಿಗಳಿಗೆ ಹಬ್ಬಿತು. ಅವರು ಮುಖ್ಯವಾಗಿ ಹುಡುಕಿ ಸುಟ್ಟದ್ದು ಸಾಲಪತ್ರಗಳನ್ನು, ಖಾತೆ ವಹಿಗಳನ್ನು. ಕಾಗದ ಹೋದರೆ ಹೊಣೆ ಹೋಗುತ್ತದೆ ಎಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು. ಸರಕಾರ ಆಯೋಗ ನೇಮಿಸಿ, 1879ರಲ್ಲಿ ದಖನ್ ರೈತರ ಪರಿಹಾರ ಕಾಯದೆ ತಂದಿತು. ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಈ ನಾಲ್ಕು ಜಿಲ್ಲೆಗಳಿಗೆ ಮೊದಲು ಜಾರಿಯಾಗಿ, ಅದರ ಕಲಮುಗಳು ಮುಂದೆ ಪ್ರಾಂತ್ಯದ ಉಳಿದ ಕಡೆಗೂ ಬಂದವು. ಕೋರ್ಟು ಪತ್ರದ ಹಿಂದೆ ಹೋಗಿ ಮೊದಲಿನಿಂದ ಲೆಕ್ಕ ತೆಗೆಯಬಹುದು, ಹಣದ ಡಿಕ್ರಿಗಾಗಿ ರೈತನನ್ನು ಸೆರೆಮನೆಗೆ ಹಾಕುವಂತಿಲ್ಲ, ಅಡವು ಬರೆದುಕೊಡದ ಹೊಲವನ್ನು ಜಪ್ತಿ ಮಾಡುವಂತಿಲ್ಲ, ಇವು ಅದರ ದೊಡ್ಡ ಮಾತುಗಳು. ಹೊಣೆ ರೈತನ ಮೈಮೇಲಿಂದ ಇಳಿದು ಆಸ್ತಿಯ ಮೇಲೆ ನಿಂತಿತು ಎನ್ನಬಹುದು.

ಇನ್ನು ನಮ್ಮ ಹೆಮ್ಮೆಯ ಸಂಗತಿ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯದೆ ಬಂದ ಮರುವರ್ಷವೇ, 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಸಂಘ ಕಟ್ಟಿದರು. ಇದನ್ನೆಲ್ಲ ಭಾಷಣಗಳಲ್ಲಿ ಕೇಳಿದ್ದೇವೆ. ಭಾಷಣದಲ್ಲಿ ಹೇಳದೆ ಬಿಡುವ ಮಾತು ಒಂದಿದೆ. ಆ ಕಾಯದೆ ಪ್ರಕಾರ ಹಳ್ಳಿಯ ಸಂಘದ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಅಂದರೆ ಹತ್ತು ಜನ ಸೇರಿ ಸಂಘ ಮಾಡಿ, ಅದರಲ್ಲಿ ಮೂವರು ಮುಳುಗಿ ಸಂಘಕ್ಕೆ ತೀರಿಸುವ ಶಕ್ತಿ ಹೋದರೆ, ಉಳಿದ ಏಳು ಜನ ತಮ್ಮ ಹೊಲ ಮನೆ ಮಾರಿಯಾದರೂ ಸಂಘದ ಸಾಲ ತುಂಬಿಕೊಡಬೇಕು. ಜರ್ಮನಿಯ ರೈಫೈಸನ್ ಎಂಬವರು ಹಾಕಿಕೊಟ್ಟ ಪದ್ಧತಿ ಇದು. ಊರಿನವರಿಗೆ ಊರಿನವರ ಗುಣ ಗೊತ್ತು, ತಮ್ಮ ಹೊಲ ಪಣಕ್ಕಿಟ್ಟವರು ಅಯೋಗ್ಯನಿಗೆ ಸಾಲ ಮಂಜೂರು ಮಾಡುವುದಿಲ್ಲ ಎಂಬುದು ಇದರ ಒಳಗುಟ್ಟು. ಸಾಹುಕಾರನ ಎದುರು ಒಬ್ಬೊಬ್ಬನಾಗಿ ನಿಂತ ರೈತ ಇಲ್ಲಿ ಎಲ್ಲರ ಜೊತೆ ಎಲ್ಲರಿಗಾಗಿ ನಿಂತ. ಅಂಥ ಕಾಗದಕ್ಕೆ ಸಹಿ ಹಾಕಿದ ಆ ಹಿರಿಯರ ಧೈರ್ಯ ಸಣ್ಣದಲ್ಲ.

ಆದರೆ ಧೈರ್ಯಕ್ಕೂ ಒಂದು ಮಿತಿ ಇರುತ್ತದೆ. 1930ರ ಸುಮಾರಿಗೆ ಜಗತ್ತಿನ ತುಂಬ ಧಾರಣೆ ಬಿದ್ದಾಗ ಹತ್ತಿಯ ರೊಕ್ಕದಲ್ಲಿ ಸಾಲ ತೀರಿಸುವ ರೈತ ಎಲ್ಲಿಂದ ತರಬೇಕು? ಸಂಘಗಳು ಸಮಾಪನೆಗೆ ಹೋದ ಕಡೆ ಸಮಾಪನಾಧಿಕಾರಿ ಸದಸ್ಯರ ಮೇಲೆ ಪಾಲು ಹಾಕುವ ಅಧಿಕಾರ ಹೊಂದಿದ್ದ. ಸರಿಯಾಗಿ ತುಂಬಿದವನೂ ತುಂಬದವನ ಸಲುವಾಗಿ ನೋಟೀಸು ಪಡೆಯುವ ಪರಿಸ್ಥಿತಿ ಅದು. ಅನುಕೂಲಸ್ಥ ರೈತ ಇಂಥ ಸಂಘದಿಂದ ದೂರ ನಿಂತರೆ ತಪ್ಪು ಹೇಳುವುದು ಹೇಗೆ? 1951ರಲ್ಲಿ ನಡೆದ ಅಖಿಲ ಭಾರತ ಗ್ರಾಮೀಣ ಪತ್ತಿನ ಸಮೀಕ್ಷೆಯ ವರದಿ 1954ರಲ್ಲಿ ಹೊರಬಂದಾಗ, ರೈತರ ಸಾಲದಲ್ಲಿ ಸಹಕಾರಿ ಸಂಘಗಳ ಪಾಲು ಬರೀ ಶೇಕಡಾ 3ರಷ್ಟು ಎಂದು ಗೊತ್ತಾಯಿತು. ಆಮೇಲೆ ದೊಡ್ಡ ಸಂಘಗಳು, ಸೀಮಿತ ಹೊಣೆ ಎಂಬ ಧೋರಣೆ ಬಂತು. ನಮ್ಮ ರಾಜ್ಯದ 1959ರ ಸಹಕಾರ ಸಂಘಗಳ ಕಾಯದೆಯ ಕೆಳಗೆ ನಾವು ನಡೆಯುತ್ತಿರುವುದೂ ಹೀಗೆಯೇ.

ಇಲ್ಲಿ ನಮ್ಮ ಸದಸ್ಯರಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. ಸೀಮಿತ ಹೊಣೆ ಎಂದರೆ ಸಂಘ ಮುಳುಗಿದರೆ ನಮ್ಮ ಶೇರು ಹೋಗುತ್ತದೆ, ಅದರಾಚೆ ನಮ್ಮ ಮನೆಗೆ ಯಾರೂ ಬರುವುದಿಲ್ಲ ಎಂದಷ್ಟೇ. ನಾವು ಸ್ವಂತಕ್ಕೆ ತಂದ ಸಾಲಕ್ಕೆ ಅದು ಸಂಬಂಧಿಸಿದ್ದಲ್ಲ. ನಾವು ಇನ್ನೊಬ್ಬರಿಗೆ ಹಾಕಿದ ಜಾಮೀನಿಗೂ ಸಂಬಂಧಿಸಿದ್ದಲ್ಲ.

ನಡುವೆ ಸಾಲ ಪರಿಹಾರಗಳ ಕಾಲ ಬಂತು. ದೇವರಾಜ ಅರಸರ ಕಾಲದ 1976ರ ಋಣ ಪರಿಹಾರ ಕಾಯದೆ ಸಣ್ಣ ರೈತರನ್ನು, ಕೂಲಿಕಾರರನ್ನು ಖಾಸಗಿ ಸಾಲದಿಂದ ಬಿಡಿಸಿತು, ಸಂಘದ ಸಾಲ ಹಾಗೇ ಉಳಿಯಿತು. 1980ರ ನರಗುಂದ-ನವಲಗುಂದದ ರೈತ ಬಂಡಾಯವನ್ನು ನಮ್ಮ ಕಡೆಯವರು ಮರೆತಿಲ್ಲ. ಆ ದಶಕದಲ್ಲಿ ರೈತ ಸಂಘದವರು, ವಸೂಲಿಗೆಂದು ಒಯ್ದ ಸಾಮಾನುಗಳನ್ನು ತಿರುಗಿ ತರುವ ಮರುಜಪ್ತಿ ಚಳವಳಿ ನಡೆಸಿದರು. ಅಸಲಿಗೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮೇ ಉಟ್ಟ ಬಟ್ಟೆ, ಅಡಿಗೆ ಪಾತ್ರೆ, ಹಾಸಿಗೆ, ಬೇಸಾಯದ ಸಲಕರಣೆ, ಉಳುವುದಕ್ಕೆ ಬೇಕಾದ ದನ, ಬಿತ್ತನೆ ಬೀಜ ಇವನ್ನು ಡಿಕ್ರಿಗಾಗಿ ಜಪ್ತಿ ಮಾಡಬಾರದು ಎನ್ನುತ್ತದೆ. ಕಾಯದೆ ಪುಸ್ತಕದಲ್ಲಿದ್ದದ್ದು ರೈತನ ಅಂಗಳಕ್ಕೆ ಬರಲು ಚಳವಳಿ ಬೇಕಾಯಿತು. 1980ರಲ್ಲೇ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು, ತೀರಿಸುವ ಶಕ್ತಿಯೇ ಇಲ್ಲದ ಬಡ ಸಾಲಗಾರನನ್ನು ಬರೀ ಬಾಕಿಯ ಕಾರಣಕ್ಕೆ ಸೆರೆಗೆ ಹಾಕುವಂತಿಲ್ಲ ಎಂದು ತೀರ್ಪು ಕೊಟ್ಟರು. 1990, 2008ರಲ್ಲಿ ಕೇಂದ್ರ ಸರಕಾರ, 2017, 2018ರಲ್ಲಿ ರಾಜ್ಯ ಸರಕಾರ ಸಾಲ ಮನ್ನಾ ಮಾಡಿದವು. ಬರಗಾಲದಲ್ಲಿ ಬೆಂದವನಿಗೆ ಅದು ಜೀವ ಕೊಟ್ಟಿತು ನಿಜ. ಆದರೆ ಹೆಂಡತಿಯ ಬೆಂಡೋಲೆ ಅಡವಿಟ್ಟು ವಾಯಿದೆಗೆ ಸರಿಯಾಗಿ ತುಂಬಿದವ "ನಾನೇ ಮಳ್ಳ ಆದೆ" ಎಂದಾಗ ಉತ್ತರ ಕೊಡುವುದು ನಮಗೆ ಕಷ್ಟ. ಸಂಘ ಆ ರೊಕ್ಕವನ್ನು ಜಿಲ್ಲಾ ಕೇಂದ್ರ ಬ್ಯಾಂಕಿನಿಂದ ತಂದಿರುತ್ತದೆ. ಸದಸ್ಯ ತುಂಬಲಿ ಬಿಡಲಿ, ಸಂಘ ಬ್ಯಾಂಕಿಗೆ ಬಾಕಿದಾರನೇ.

ಈಗ ಮೊದಲಿನ ಪ್ರಶ್ನೆಗೆ ಬರುತ್ತೇನೆ. ಸಾಲಗಾರ ತೀರಿಕೊಂಡರೆ, ಅವನಿಂದ ಬಂದ ಆಸ್ತಿ ಎಷ್ಟೋ ಅಷ್ಟರ ಮಟ್ಟಿಗೆ ವಾರಸುದಾರರು ಹೊಣೆ. ಉತಾರದಲ್ಲಿ ಬೋಜಾ ಇದ್ದರೆ ಅದು ಹೊಲದ ಜೊತೆಗೇ ಬರುತ್ತದೆ. ಹಿಂದೂ ಮಗ ಅಪ್ಪನ, ಅಜ್ಜನ ಋಣ ತೀರಿಸುವುದು ಧರ್ಮ ಎಂಬ ಹಳೆಯ ನಿಯಮದ ಮೇಲೆ ದಾವೆ ಹಾಕುವುದನ್ನು 2005ರ ಉತ್ತರಾಧಿಕಾರ ತಿದ್ದುಪಡಿ ಕಾಯದೆ, ಅದು ಜಾರಿಯಾದ ನಂತರದ ಸಾಲಗಳ ಮಟ್ಟಿಗೆ, ನಿಲ್ಲಿಸಿಬಿಟ್ಟಿದೆ. ಆಸ್ತಿಯೇ ಇಲ್ಲದ ತಬ್ಬಲಿ ಮಕ್ಕಳನ್ನು ಯಾರೂ ಕಾಡುವಂತಿಲ್ಲ.

ಉಳಿದವನು ಜಾಮೀನುದಾರ. 1872ರ ಕರಾರು ಕಾಯದೆಯ 128ನೇ ಕಲಮು ಪ್ರಕಾರ, ಕರಾರಿನಲ್ಲಿ ಬೇರೆ ಬರೆಯದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಸಾಲಗಾರನ ಹೊಲ ಹರಾಜು ಮಾಡಿ ಮುಗಿದ ಮೇಲೆಯೇ ಇವನ ಕಡೆಗೆ ಬರಬೇಕೆಂದೇನಿಲ್ಲ, ಮೊದಲೇ ಬರಬಹುದು. ಸಹಕಾರ ಕಾಯದೆಯ 70ನೇ ಕಲಮಿನ ದಾವೆಯಲ್ಲಿ ಇಬ್ಬರ ಹೆಸರೂ ಇರುತ್ತದೆ. 1905ರ ಆ ಮಿತಿಯಿಲ್ಲದ ಹೊಣೆಯ ಒಂದು ತುಂಡು ಇನ್ನೂ ಜಾಮೀನಿನ ಕಾಗದದಲ್ಲಿ ಉಳಿದಿದೆ ಎಂದು ನನಗೆ ಅನ್ನಿಸುತ್ತದೆ. ವ್ಯತ್ಯಾಸವೆಂದರೆ, ಆಗ ಊರೆಲ್ಲ ಕೂಡಿ ಹೊರುತ್ತಿದ್ದರು, ಈಗ ಚಹಾದಂಗಡಿಯಲ್ಲಿ "ಬಾರೋ ತಮ್ಮಾ, ಒಂದು ಸಹಿ ಹಾಕು" ಎಂದು ಕರೆಸಿಕೊಂಡವ ಒಬ್ಬನೇ ಹೊರುತ್ತಾನೆ. ಆದ್ದರಿಂದ ಜಾಮೀನು ಹಾಕುವವನಿಗೆ ಸಾಲದ ರಕಮು, ವಾಯಿದೆ, ಬಡ್ಡಿ ಇವನ್ನು ಕಚೇರಿಯಲ್ಲೇ ಓದಿ ಹೇಳಿ, ಆಮೇಲೆ ಸಹಿ ತೆಗೆದುಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ಜಾಮೀನುದಾರ ಸಾಲ ತುಂಬಿದರೆ ಅವನು ಬರಿಗೈ ಆಗುವುದಿಲ್ಲ ಎಂಬುದೂ ಬಹಳ ಜನಕ್ಕೆ ಗೊತ್ತಿಲ್ಲ. ತುಂಬಿದಷ್ಟನ್ನು ಸಾಲಗಾರನಿಂದ ವಸೂಲು ಮಾಡಿಕೊಳ್ಳುವ ಹಕ್ಕು ಅದೇ ಕರಾರು ಕಾಯದೆಯಲ್ಲಿದೆ. ಇಬ್ಬರು ಜಾಮೀನುದಾರರಿದ್ದು ಒಬ್ಬನೇ ಪೂರ್ತಿ ತುಂಬಿದ್ದರೆ, ಬೇರೆ ಕರಾರು ಇಲ್ಲದಿದ್ದಲ್ಲಿ ಇನ್ನೊಬ್ಬನಿಂದ ಅರ್ಧ ಕೇಳಬಹುದು. ಅದಕ್ಕೆ ತುಂಬಿದ ಪಾವತಿ ತನ್ನ ಹೆಸರಿನಲ್ಲೇ ಇರಬೇಕು. ಸಾಲಗಾರನ ಹೆಸರಿನಲ್ಲಿ ಪಾವತಿ ಹರಿಸಿ ಮನೆಗೆ ಹೋದರೆ ಮುಂದೆ ತೋರಿಸಲು ಪುರಾವೆ ಉಳಿಯುವುದಿಲ್ಲ.