ಶಂಬೂಕನ ತಲೆಗೆ ಯಾವ ಅಧ್ಯಾತ್ಮ?

‘ರಾಮಾಯಣವನ್ನು ಬರೀ ಕಥೆ ಅಂತ ಓದಬೇಡಿ, ಅದರ ಒಳಅರ್ಥ ನೋಡಿ’ ಎಂದು ನಮಗೆ ಬುದ್ಧಿ ಹೇಳುವವರು ಹಿಂದಿನಿಂದಲೂ ಇದ್ದಾರೆ. ರಾವಣನ ಹತ್ತು ತಲೆ ಅಂದರೆ ಹತ್ತು ಇಂದ್ರಿಯಗಳು, ಲಂಕೆ ಅಂದರೆ ಈ ದೇಹ, ಸೀತೆ ಅಂದರೆ ಸೆರೆಸಿಕ್ಕ ಜೀವಾತ್ಮ, ರಾಮನೆಂದರೆ ಪರಮಾತ್ಮ. ಹರಿಕಥೆಯ ದಾಸರು ಹೇಳಿದ್ದು ಇದನ್ನೇ. ರಾಮನವಮಿ ಪೆಂಡಾಲಿನ ಪ್ರವಚನಕಾರರು ಹೇಳುವುದೂ ಇದನ್ನೇ. ಇರ್ಲಿ. ಕಾವ್ಯಕ್ಕೆ ಒಳಅರ್ಥ ಇರಬಾರದು ಅಂತ ನಾವೇನೂ ಹೇಳುತ್ತಿಲ್ಲ. ಆದರೆ ಕೇರಿಯಿಂದ ಬಂದ ಓದುಗನದೊಂದು ಪ್ರಶ್ನೆ ಇದೆ: ಸ್ವಾಮಿ, ರಾವಣನ ಹತ್ತು ತಲೆಗೂ ಅರ್ಥ ಹೇಳಿದಿರಿ. ಶಂಬೂಕನ ಒಂದು ತಲೆಗೆ ಯಾವ ಅರ್ಥ ಹೇಳುತ್ತೀರಿ?

ಈ ಪ್ರಶ್ನೆಗೆ ಸಾವಿರದೈನೂರು ವರ್ಷಗಳಿಂದ ಬೇರೆ ಬೇರೆ ಕವಿಗಳು ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ. ಆ ಉತ್ತರಗಳ ಚರಿತ್ರೆ ನೋಡಿದರೆ ‘ಆಧ್ಯಾತ್ಮಿಕ ಅರ್ಥ’ ಎನ್ನುವುದು ಎಲ್ಲಿ ಹುಟ್ಟುತ್ತದೆ, ಯಾರ ಅನುಕೂಲಕ್ಕೆ ಹುಟ್ಟುತ್ತದೆ ಎನ್ನುವುದು ಗೊತ್ತಾಗುತ್ತದೆ.

ಕಥೆ ಇರುವುದು ವಾಲ್ಮೀಕಿ ರಾಮಾಯಣದ ಉತ್ತರಕಾಂಡದಲ್ಲಿ. ಒಬ್ಬ ಬ್ರಾಹ್ಮಣ ಸತ್ತ ಮಗನನ್ನು ತಂದು ಅರಮನೆ ಬಾಗಿಲಲ್ಲಿ ಗೋಳಾಡುತ್ತಾನೆ. ಎಳೆಯ ಮಗ ಸಾಯಬೇಕಾದರೆ ರಾಜನ ಕಡೆಯಿಂದ ಏನೋ ತಪ್ಪು ನಡೆದಿದೆ ಎಂಬುದು ಅವನ ದೂರು. ನಾರದ ಲೆಕ್ಕ ಹೇಳುತ್ತಾನೆ: ಕೃತಯುಗದಲ್ಲಿ ತಪಸ್ಸು ಬ್ರಾಹ್ಮಣನಿಗೆ ಮಾತ್ರ, ತ್ರೇತೆಯಲ್ಲಿ ಕ್ಷತ್ರಿಯನಿಗೂ ಉಂಟು, ದ್ವಾಪರದಲ್ಲಿ ವೈಶ್ಯನಿಗೂ ಉಂಟು, ಶೂದ್ರನ ಸರದಿ ಕಲಿಯುಗಕ್ಕೆ. ಎಲ್ಲೋ ಒಬ್ಬ ಶೂದ್ರ ಸರದಿ ಮುರಿದು ತಪಸ್ಸು ಮಾಡುತ್ತಿದ್ದಾನೆ. ರಾಮ ಪುಷ್ಪಕ ವಿಮಾನ ಹತ್ತಿ ಹುಡುಕಿಕೊಂಡು ಹೊರಡುತ್ತಾನೆ. ದಕ್ಷಿಣ ದಿಕ್ಕಿನ ಶೈವಲ ಬೆಟ್ಟದ ಪಕ್ಕ, ಸರೋವರದ ಬಳಿ, ಒಬ್ಬ ತಲೆಕೆಳಗಾಗಿ ತಪಸ್ಸು ಮಾಡುತ್ತಿರುತ್ತಾನೆ. ರಾಮ ಅವನ ವರ್ಣ ಯಾವುದೆಂದು ಕೇಳುತ್ತಾನೆ. ತಾನು ಸುಳ್ಳು ಹೇಳುವವನಲ್ಲ, ಶೂದ್ರನಾಗಿ ಹುಟ್ಟಿದವನು, ಹೆಸರು ಶಂಬೂಕ, ಈ ದೇಹದಲ್ಲೇ ದೇವತ್ವ ಪಡೆಯುವ ಆಸೆ ಎಂದು ಅವನು ಉತ್ತರ ಕೊಡುತ್ತಾನೆ. ಮಾತು ಮುಗಿಯುವುದರೊಳಗೆ ಕತ್ತಿ ಬೀಳುತ್ತದೆ. ದೇವತೆಗಳು ಹೂಮಳೆ ಸುರಿಸುತ್ತಾರೆ. ಅದೇ ಗಳಿಗೆಯಲ್ಲಿ ಅತ್ತ ಬ್ರಾಹ್ಮಣನ ಮಗನಿಗೆ ಜೀವ ಬರುತ್ತದೆ. ನಿನ್ನಿಂದಾಗಿ ಈ ಶೂದ್ರ ಸ್ವರ್ಗ ಸೇರಲಿಲ್ಲ ಎಂದು ದೇವತೆಗಳು ರಾಮನನ್ನು ಮೆಚ್ಚಿ ಹೇಳುತ್ತಾರೆ.

ಇಲ್ಲಿ ಮುಚ್ಚುಮರೆ ಏನೂ ಇಲ್ಲ. ತಪಸ್ಸಿನಲ್ಲಿ ಲೋಪ ಇತ್ತು ಅಂತ ಯಾರೂ ಅನ್ನಲಿಲ್ಲ. ನಿಜ ನುಡಿದವನ ಜಾತಿ ಗೊತ್ತಾಯಿತು, ಅಷ್ಟಕ್ಕೇ ತಲೆ ಹೋಯಿತು. ಅಧ್ಯಾತ್ಮ ನನಗೂ ಬೇಕು ಎಂದವನನ್ನು ಅಧ್ಯಾತ್ಮ ಕಾಯುವ ಹೆಸರಿನಲ್ಲೇ ಕೊಂದದ್ದು ಇದು.

ಮುಂದೆ ಕಾಳಿದಾಸ ಬಂದ. ‘ರಘುವಂಶ’ದ 15ನೆಯ ಸರ್ಗದಲ್ಲಿ ಕೊಲೆ ಹಾಗೇ ಇದೆ, ಅದರ ಅರ್ಥ ಮಾತ್ರ ತಿರುಗಿದೆ. ತನ್ನ ದಾರಿ ಮೀರಿ ಮಾಡಿದ ಘೋರ ತಪಸ್ಸಿನಿಂದ ಸಿಗದಿದ್ದ ಸದ್ಗತಿ ಶೂದ್ರನಿಗೆ ರಾಜನ ಕೈಯ ಶಿಕ್ಷೆಯಿಂದ ಸಿಕ್ಕಿತಂತೆ! 8ನೆಯ ಶತಮಾನದ ಭವಭೂತಿ ‘ಉತ್ತರರಾಮಚರಿತ’ ನಾಟಕದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದ. ಅಲ್ಲಿ ರಾಮ ತನ್ನ ಬಲಗೈಯನ್ನೇ ಹಂಗಿಸುತ್ತಾನೆ, ತುಂಬು ಬಸುರಿ ಸೀತೆಯನ್ನು ಕಾಡಿಗಟ್ಟಿದ ನಿನಗೆ ಕರುಣೆ ಎಲ್ಲಿಂದ ಬರಬೇಕು ಎಂದು. ಕತ್ತಿ ಬಿದ್ದ ಮೇಲೆ ಶಂಬೂಕ ದಿವ್ಯಪುರುಷನಾಗಿ ಎದ್ದು ಬಂದು, ಕೊಂದವನಿಗೇ ಕೈಮುಗಿಯುತ್ತಾನೆ. ಭವಭೂತಿ ದೊಡ್ಡ ಕವಿ. ಈ ಕೊಲೆ ಅವನ ಎದೆಗೆ ಚುಚ್ಚಿದೆ. ಆದರೆ ಕೊಲೆ ತಪ್ಪು ಅನ್ನುವ ಧೈರ್ಯ ಬರಲಿಲ್ಲ, ಸತ್ತವನ ಬಾಯಲ್ಲೇ ಉಪಕಾರ ಹೇಳಿಸಿದ.

ವಾಲ್ಮೀಕಿಯಲ್ಲಿ ಸ್ವರ್ಗವೇ ಇಲ್ಲ, ಕಾಳಿದಾಸನಲ್ಲಿ ಸದ್ಗತಿ, ಭವಭೂತಿಯಲ್ಲಿ ದಿವ್ಯರೂಪ. ಕಾಲ ಕಳೆದಂತೆ ಶಂಬೂಕನಿಗೆ ಬಡ್ತಿ ಸಿಗುತ್ತಲೇ ಹೋಯಿತು. ತಲೆ ಮಾತ್ರ ಉಳಿಯಲಿಲ್ಲ. ಆಧ್ಯಾತ್ಮಿಕ ಅರ್ಥ ಎಂಬುದು ಗಾಯದ ಮೇಲೆ ಹೊದಿಸಿದ ಪಟ್ಟೆಮಡಿ ಆದದ್ದು ಹೀಗೆ.

‘ಉತ್ತರಕಾಂಡ ಪ್ರಕ್ಷಿಪ್ತ ಕಣ್ರೀ, ವಾಲ್ಮೀಕಿ ಬರೆದದ್ದಲ್ಲ’ ಎಂದು ಕೆಲವರು ಜಾರಿಕೊಳ್ಳುತ್ತಾರೆ. ಅದು ಆಮೇಲೆ ಸೇರಿದ್ದೆಂದು ಬಹಳ ವಿದ್ವಾಂಸರು ಹೇಳಿರುವುದು ನಿಜವೇ. ಹಂಗಾದ್ರೆ ಇನ್ನೂ ದೊಡ್ಡ ಪ್ರಶ್ನೆ ಏಳುತ್ತದೆ. ಇಲ್ಲದ ಕೊಲೆಯನ್ನು ತಂದು ಸೇರಿಸಬೇಕಾದ ಅಗತ್ಯ ಯಾರಿಗೆ ಬಿತ್ತು? ಕಥೆ ಹಾಗೇ ಇರಲೇಬೇಕು ಎಂಬ ಕಟ್ಟಳೆಯೂ ಇರಲಿಲ್ಲ. ವಿಮಲಸೂರಿಯ ಪ್ರಾಕೃತ ‘ಪಉಮಚರಿಯ’ದ ದಾರಿ ಹಿಡಿದು ನಮ್ಮ ನಾಗಚಂದ್ರ ಕನ್ನಡದಲ್ಲಿ ರಾಮಕಥೆ ಬರೆದ. ಆ ಜೈನ ಪರಂಪರೆಯಲ್ಲಿ ಶಂಬೂಕ ರಾವಣನ ತಂಗಿಯ ಮಗ. ಬಿದಿರ ಮೆಳೆಯೊಳಗೆ ಸಾಧನೆಗೆ ಕೂತವನು, ಲಕ್ಷ್ಮಣ ಕತ್ತಿಯ ಹರಿತ ನೋಡಲು ಮೆಳೆ ಕಡಿದಾಗ ಆಕಸ್ಮಿಕವಾಗಿ ಸಾಯುತ್ತಾನೆ. ಬ್ರಾಹ್ಮಣನ ಮಗನೂ ಇಲ್ಲ, ಯುಗಧರ್ಮದ ಲೆಕ್ಕವೂ ಇಲ್ಲ. ಕಾವ್ಯ ಬೇಕಾದಂತೆ ಬಾಗುತ್ತದೆ, ಬಾಗಿಸುವ ಮನಸ್ಸು ಬೇಕು ಅಷ್ಟೆ.

ಇದುವರೆಗೆ ಬರೆದವರ ಮಾತಾಯಿತು. ಓದಿದವರು ಏನಂದರು? ಅಂಬೇಡ್ಕರ್ ಅವರು ‘ಬುದ್ಧ ಮತ್ತು ಅವನ ಧಮ್ಮ’ ಗ್ರಂಥಕ್ಕೆ ಬರೆದ ಮುನ್ನುಡಿಯೊಂದರಲ್ಲಿ ತಮ್ಮ ಬಾಲ್ಯದ ಸಂಗತಿ ಹೇಳಿಕೊಂಡಿದ್ದಾರೆ. ಕಬೀರಪಂಥಿಯಾದ ಅವರ ತಂದೆ ರಾಮಜಿ ಸಕ್ಪಾಲರು ಮಕ್ಕಳಿಂದ ರಾಮಾಯಣ, ಮಹಾಭಾರತ ಓದಿಸುತ್ತಿದ್ದರು. ನಮ್ಮನ್ನು ಕೀಳು ಅನ್ನುವ ಈ ಪುಸ್ತಕಗಳನ್ನು ಯಾಕೆ ಓದಬೇಕು ಎಂದು ಮಗ ಕೇಳಿದ. ನಾವು ಅಸ್ಪೃಶ್ಯರು, ನಿಮ್ಮಲ್ಲಿ ಕೀಳರಿಮೆ ಬರಬಾರದು ಅಂತ ಓದಿಸುತ್ತೇನೆ. ಕರ್ಣ, ದ್ರೋಣರು ಸಣ್ಣ ನೆಲೆಯಿಂದ ಎಷ್ಟು ಎತ್ತರಕ್ಕೆ ಏರಿದರು ನೋಡು. ವಾಲ್ಮೀಕಿ ಕೋಳಿ ಜಾತಿಯವನು, ಆದರೂ ರಾಮಾಯಣ ಬರೆದ ಎಂಬುದು ತಂದೆಯ ಉತ್ತರ. ಮಗನಿಗೆ ಸಮಾಧಾನ ಆಗಲಿಲ್ಲ. ಭೀಷ್ಮ, ದ್ರೋಣ, ಕೃಷ್ಣ ಯಾರೂ ಹಿಡಿಸಲಿಲ್ಲ. ವಾಲಿಯನ್ನು ಕೊಂದ, ಸೀತೆಯನ್ನು ನಡೆಸಿಕೊಂಡ ರಾಮನೂ ಹಿಡಿಸಲಿಲ್ಲ. ಅಪ್ಪ ಸುಮ್ಮನಾದರು.

ನಮ್ಮ ದೃಷ್ಟಿಯಲ್ಲಿ ಮಹಾಕಾವ್ಯದ ನಿಜವಾದ ಅಧ್ಯಾತ್ಮ ವಿಚಾರ ನಡೆದದ್ದು ಆ ಅಪ್ಪ ಮಗನ ನಡುವೆ. ಅಪ್ಪನದೂ ಸುಳ್ಳಲ್ಲ. ಎಲ್ಲ ಕಡೆ ಅವಮಾನ ಉಂಡ ಮನುಷ್ಯ ಕಾವ್ಯದೊಳಗೆ ತನ್ನವರನ್ನು ಹುಡುಕಿ ಮಕ್ಕಳಿಗೆ ತೋರಿಸಿದ. ಮಗ ಆ ಸಮಾಧಾನವನ್ನೂ ದಾಟಿ ನ್ಯಾಯ ಕೇಳಿದ.

ಆ ಮಗ 1936ರಲ್ಲಿ ‘ಜಾತಿ ವಿನಾಶ’ ಬರೆದಾಗ ಶಂಬೂಕನ ವಿಷಯ ಎತ್ತಿದರು. ರಾಮನೊಬ್ಬನನ್ನು ಬೈದರೆ ವಿಷಯ ಅರ್ಥವಾಗುವುದಿಲ್ಲ ಎನ್ನುತ್ತಾರೆ ಅವರು. ರಾಮರಾಜ್ಯ ನಿಂತದ್ದು ಚಾತುರ್ವರ್ಣ್ಯದ ಮೇಲೆ. ವರ್ಣ ಮೀರಿದವನನ್ನು ದಂಡಿಸದೆ ಚಾತುರ್ವರ್ಣ್ಯ ನಿಲ್ಲುವುದಿಲ್ಲ. ಆದ್ದರಿಂದ ರಾಜನಾದವನು ಕೊಲ್ಲಲೇಬೇಕಾಗಿತ್ತು. ಎಷ್ಟು ತಣ್ಣಗಿನ, ಎಷ್ಟು ಭಯಂಕರ ಸತ್ಯ! ಕಾವ್ಯದ ಒಳಅರ್ಥ ಅಂದರೆ ಇದು. ಈ ಭಾಷಣಕ್ಕೆ ಕರೆದಿದ್ದ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ, ಬರಹ ನೋಡಿ ಹೆದರಿ ಸಮ್ಮೇಳನವನ್ನೇ ರದ್ದು ಮಾಡಿತು. ಅಂಬೇಡ್ಕರ್ ತಾವೇ ಅಚ್ಚು ಹಾಕಿಸಿದರು.

ಕನ್ನಡದಲ್ಲಿ ಶಂಬೂಕನ ತಲೆ ಉಳಿಸಿದವರು ಕುವೆಂಪು. 1944ರ ‘ಶೂದ್ರ ತಪಸ್ವಿ’ ನಾಟಕದಲ್ಲಿ ರಾಮ ಬಿಟ್ಟ ಅಸ್ತ್ರ ಶಂಬೂಕನನ್ನು ಮುಟ್ಟುವುದಿಲ್ಲ, ದೂರು ತಂದ ಬ್ರಾಹ್ಮಣನ ಬೆನ್ನು ಹತ್ತುತ್ತದೆ. ಕೊನೆಗೆ ಆತ ಶೂದ್ರ ತಪಸ್ವಿಗೆ ಅಡ್ಡಬೀಳುತ್ತಾನೆ. ಹಳೆಯ ಕಥೆಯನ್ನು ಹೀಗೆ ತಿರುಗಿಸಬಾರದು ಎಂದು ಮಾಸ್ತಿಯವರು ಆಕ್ಷೇಪಿಸಿದರು. ಕಾಳಿದಾಸ, ಭವಭೂತಿ ತಿರುಗಿಸಿದಾಗ ಇಲ್ಲದ ಆಕ್ಷೇಪಣೆ ಶೂದ್ರ ಕವಿ ತಿರುಗಿಸಿದಾಗ ಬಂತು. ಆದರೂ ನಾವು ಒಂದು ಮಾತು ಹೇಳಬೇಕು. ಕುವೆಂಪು ಶಂಬೂಕನ ಜೊತೆ ರಾಮನನ್ನೂ ಉಳಿಸಿದರು, ಬ್ರಾಹ್ಮಣನ ಮನಪರಿವರ್ತನೆಗೆ ಕಾದರು. ನಾಟಕದಲ್ಲಿ ಅದಕ್ಕೆ ಅಸ್ತ್ರ ಇತ್ತು. ಊರಿನಲ್ಲಿ ಸಂಘಟನೆ ಬಿಟ್ಟರೆ ನಮ್ಮ ಹತ್ತಿರ ಬೇರೆ ಅಸ್ತ್ರ ಇಲ್ಲ.

ಅಕ್ಷರವೇ ಇಲ್ಲದ ನಮ್ಮ ಹಿರೀಕರು ಏನು ಮಾಡಿದರು? ಗುಡಿಯ ಹೊರಗೆ ನಿಂತು ಕೇಳಿದ ಕಥೆಯನ್ನು ತಂಬೂರಿ ಮೇಲೆ ತಮ್ಮದೇ ಮಾಡಿ ಹಾಡಿದರು. 1973ರಲ್ಲಿ ಮೈಸೂರಿನಲ್ಲಿ ಅಚ್ಚಾದ ‘ಜನಪದ ರಾಮಾಯಣ’ದಲ್ಲಿ ರಾವುಳ ಮಾವಿನ ಹಣ್ಣಿನ ತಿರುಳು ತಾನು ತಿಂದು ತಾನೇ ಬಸುರಾಗುತ್ತಾನೆ. ಸೀನಿದಾಗ ಹೆಣ್ಣುಕೂಸು ಹುಟ್ಟುತ್ತದೆ. ಅವನು ಸೀತ, ಅವಳು ಸೀತೆ! ಹೆರಿಗೆ ನೋವು ಏನೆಂದು ಗಂಡಸಿಗೆ ಗೊತ್ತುಮಾಡಿಸಿದ ಈ ಕಥೆಯಲ್ಲಿ ಇರುವಷ್ಟು ಅಧ್ಯಾತ್ಮ ಯಾವ ಪ್ರವಚನದಲ್ಲಿದೆ? ಅಸ್ಪೃಶ್ಯ ಗಾಯಕನೊಬ್ಬ ಹಾಡಿದ ಈ ಕಥೆಯನ್ನು ಎ.ಕೆ. ರಾಮಾನುಜನ್ ‘ಮುನ್ನೂರು ರಾಮಾಯಣಗಳು’ ಎಂಬ ಪ್ರಬಂಧದಲ್ಲಿ ವಿವರಿಸಿದರು. 2011ರಲ್ಲಿ ದೆಹಲಿ ವಿಶ್ವವಿದ್ಯಾಲಯ ಆ ಪ್ರಬಂಧವನ್ನು ಪಠ್ಯದಿಂದ ತೆಗೆದುಹಾಕಿತು. ಕತ್ತಿ ಇನ್ನೂ ಒರೆಗೆ ಹೋಗಿಲ್ಲ.

ಗೆಳೆಯರೆ, ಈ ಪುಸ್ತಕಗಳನ್ನು ಓದಬೇಡಿ ಅಂತ ನಾವು ಹೇಳುವುದಿಲ್ಲ. ಓದಬೇಡಿ ಅಂದದ್ದು ಅವರು. ಶೂದ್ರನ ಸರದಿ ಬಂದಿಲ್ಲ ಅಂದದ್ದು ಅವರು. 1950ರ ಸಂವಿಧಾನ ಆ ಸರದಿಯ ಲೆಕ್ಕವನ್ನು ಹರಿದುಹಾಕಿದೆ. ಓದಿ, ಮಕ್ಕಳಿಗೂ ಓದಿಸಿ. ಪೆಂಡಾಲಿನ ಮುಂದೆ ಕೈಮುಗಿದು ಕೂತು ಓದಬೇಡಿ, ಆ ಸರೋವರದ ದಡದಲ್ಲಿ ಶಂಬೂಕನ ಪಕ್ಕ ನಿಂತು ಓದಿ. ‘ನೀನು ಯಾವ ಜಾತಿ’ ಎಂದು ಕೇಳುತ್ತಾ ವಿಮಾನ ಇಳಿದು ಬರುವವನು ದೇವರೇ ಆಗಿರಲಿ, ಆ ಪ್ರಶ್ನೆ ಕೇಳುವ ಅಧಿಕಾರ ನಿನಗೆ ಯಾರು ಕೊಟ್ಟರು ಎಂದು ತಿರುಗಿ ಕೇಳುವುದನ್ನು ಕಲಿಯೋಣ.