ಕಾಣೆಯಾಗುವ ಕಾಣೆ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಮೀನು ಎಂದರೆ ಕೆರೆಯ ಮೀನು. ಮಳೆ ತೀರಾ ಕಡಿಮೆಯಾದ ಈ ತಾಲ್ಲೂಕುಗಳಲ್ಲಿ ಕೆರೆ ತುಂಬಿದರೆ ಗಾಳಕ್ಕೆ ಕೆಲಸ, ಇಲ್ಲದಿದ್ದರೆ ಇಲ್ಲ. ವೇದಾವತಿಯೂ ಹರಿಯುವುದು ಪಶ್ಚಿಮದ ಕಡಲಿಗೆ ಬೆನ್ನು ಹಾಕಿಯೇ. ಹೀಗಾಗಿ ಮಂಗಳೂರಿಗೆ ಹೋದ ಬಯಲುಸೀಮೆಯವರು ಹೋಟೆಲಿನ ಫಲಕದಲ್ಲಿ ‘ಕಾಣೆ’ ಎಂಬುದನ್ನು ಓದಿ, ಏನು ಕಳೆದುಹೋಗಿದೆ ಎಂದು ಕೇಳಿದರೆ ತಪ್ಪೇನಿಲ್ಲ.

ಪೇಟೆಯಲ್ಲಿ ‘ಲೇಡಿ ಫಿಶ್’ ಎನಿಸಿಕೊಳ್ಳುವ ಕಾಣೆ ಕರಾವಳಿಯವರ ಅಚ್ಚುಮೆಚ್ಚಿನ ಮೀನು. ಗೇಣುದ್ದದ ತೆಳುಮೈ, ಚೂಪು ಮೂತಿ, ಪುಟ್ಟ ಬಾಯಿ. ಮರಳು ತಳವಿರುವ ಕಡಲಂಚು ಮತ್ತು ನದಿಗಳ ಅಳಿವೆ ಇದರ ನೆಲೆ. ಅಪಾಯ ಕಂಡೊಡನೆ ಮರಳಿನೊಳಗೆ ಹುದುಗಿಬಿಡುತ್ತದೆ. ಎಳೆಬಲೆ ಮೇಲೆ ಹಾದುಹೋಗುತ್ತದೆ, ಮೀನು ಅಲ್ಲೇ ಉಳಿಯುತ್ತದೆ. ಹೆಸರಿಗೂ ಗುಣಕ್ಕೂ ಇಷ್ಟು ಹೊಂದಿಕೆ ಬೇರೆ ಮೀನಿನಲ್ಲಿ ಸಿಕ್ಕುವುದು ಕಷ್ಟ!

ವಿಜ್ಞಾನಕ್ಕೆ ಇದು ಪರಿಚಯವಾದದ್ದು ಕೆಂಪು ಸಮುದ್ರದಲ್ಲಿ. ಡೆನ್ಮಾರ್ಕಿನ ದೊರೆ 1761ರಲ್ಲಿ ಅರೇಬಿಯಕ್ಕೆ ಕಳುಹಿಸಿದ ತಂಡದಲ್ಲಿ ಲಿನೇಯಸನ ಶಿಷ್ಯ ಪೀಟರ್ ಫೋರ್ಸ್ಕಾಲ್ ಇದ್ದ. ಗಿಡದೆಲೆಗಳನ್ನು ಒಣಗಿಸಿಡುವಂತೆ ಮೀನಿನ ಚರ್ಮಗಳನ್ನೂ ಹಾಳೆಗೆ ಅಂಟಿಸಿಡುತ್ತಿದ್ದ ಆತ 1763ರಲ್ಲಿ ಯೆಮೆನ್‌ನಲ್ಲಿ ಮಲೇರಿಯಾದಿಂದ ತೀರಿಕೊಂಡ. ತಂಡದ ಇತರರೂ ಒಬ್ಬೊಬ್ಬರಾಗಿ ಸತ್ತು, ಊರಿಗೆ ಮರಳಿದವನು ಕಾರ್ಸ್ಟನ್ ನೀಬೂರ್ ಒಬ್ಬನೇ. ಗೆಳೆಯನ ಟಿಪ್ಪಣಿಗಳನ್ನು ಅವನು 1775ರಲ್ಲಿ ಅಚ್ಚು ಹಾಕಿಸಿದ. ಅದರಲ್ಲಿದ್ದ ‘ಸಿಹಾಮ’ ಎಂಬ ಹೆಸರೇ ಇಂದಿಗೂ ಕಾಣೆಯ ಶಾಸ್ತ್ರೀಯ ಹೆಸರಿನಲ್ಲಿ ಉಳಿದಿದೆ: ಸಿಲಾಗೊ ಸಿಹಾಮ.

ಬಲೆಗೆ ಚಳ್ಳೆಹಣ್ಣು ತಿನ್ನಿಸುವ ಕಾಣೆ ಗಾಳಕ್ಕೆ ಸಿಕ್ಕಿಬೀಳುವುದು ಹೊಟ್ಟೆಯ ದೆಸೆಯಿಂದ. ಮರಳಿನಲ್ಲಿರುವ ಹುಳು, ಸಣ್ಣ ಸಿಗಡಿಗಳೇ ಅದರ ಆಹಾರ. ಗಾಳದ ಎರೆಯೂ ಅವೇ. ತೆಳುವಾದ ತಂಗೂಸಿ, ಸಣ್ಣ ಕೊಕ್ಕೆ, ದಾರವನ್ನು ತಳಕ್ಕಿಳಿಸಲು ಸೀಸದ ಗುಂಡು – ಇಷ್ಟು ಸಾಕು. ಕೊಕ್ಕೆ ದೊಡ್ಡದಾದರೆ ಆ ಪುಟ್ಟ ಬಾಯಿಗೆ ಹಿಡಿಯುವುದಿಲ್ಲ. ಉಬ್ಬರದ ನೀರು ಮರಳದಿಬ್ಬಗಳನ್ನು ಏರುವಾಗ ಕಾಣೆಯೂ ಮೇವು ಹುಡುಕುತ್ತ ಬರುತ್ತದೆ. ಆಗ ಎರೆಯನ್ನು ತಳಕ್ಕೆ ತಾಗಿಸಿ ಮೆಲ್ಲಗೆ ಎಳೆಯಬೇಕು. ದಾರದಲ್ಲಿ ಸಣ್ಣ ಅದುರು ಬೆರಳಿಗೆ ತಿಳಿದರೆ ಮೀನು ಬಾಯಿ ಹಾಕಿತೆಂದು ಅರ್ಥ. ಕೆರೆ ಏರಿಯ ಮೇಲೆ ಎರೆಹುಳು ಸಿಕ್ಕಿಸಿ ಕೂತವರಿಗೆ ಈ ವಿದ್ಯೆ ಪೂರ್ತಿ ಹೊಸದೇನಲ್ಲ.

ಹೊಸದಿರುವುದು ಮರಳಿನ ತಕರಾರು. 1991ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಅಲ್ಲಿನ ಮರಳು ಗಣಿಗಾರಿಕೆಗೆ ನಿರ್ಬಂಧ ಹೇರಿತು. ಆದರೂ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ನದಿಗಳಲ್ಲಿ ದೋಣಿ ಸಂಚಾರಕ್ಕೆ ಅಡ್ಡಿಯೆಂಬ ಕಾರಣಕ್ಕೆ ಮರಳದಿಬ್ಬ ತೆಗೆಯಲು ಪರವಾನಗಿ ಕೊಟ್ಟದ್ದುಂಟು. ಕಳ್ಳಸಾಗಣೆಯ ಮಾತು ಬೇರೆ. ಹೀಗೆ ಅಡ್ಡಿ ಎನಿಸಿಕೊಂಡ ದಿಬ್ಬವು ಕಾಣೆಗೆ ಅಡಗುತಾಣ, ಉಗ್ರಾಣ ಎರಡೂ ಹೌದು. ಮರಿಗಳು ಬೆಳೆಯುವುದೂ ಅಳಿವೆಯ ಇಂಥ ತೆಳುನೀರಿನಲ್ಲಿಯೇ. ಬಲೆಯಿಂದ ತಪ್ಪಿಸಿಕೊಳ್ಳುವ ಉಪಾಯ ಮರಳು ತೋಡುವ ಯಂತ್ರದೆದುರು ನಡೆಯುವುದಿಲ್ಲ.