ಪ್ರಾಂಶುಪಾಲರ ತಯಾರಿ: ಹಾಸನ ಜಿಲ್ಲೆಯ ಕಾಲೇಜುಗಳು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಾಲೇಜುಗಳನ್ನು ಮುನ್ನಡೆಸುವವರು ರೂಪುಗೊಂಡ ಬಗೆಯ ಇತಿಹಾಸವಿದು. ‘ಸಮುದಾಯ ಕಾಲೇಜು’ ಎಂಬ ಹೆಸರು 1995ರಲ್ಲಿ ಪುದುಚೇರಿಯಲ್ಲಿ ಮೊದಲಾಗಿ, 2013ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ಯೋಜನೆಯಾಯಿತು. ಅದಕ್ಕೂ ಬಹಳ ಮುಂಚಿನಿಂದಲೇ ಇಲ್ಲಿ ಊರಿನವರಿಗೆ ಕಡಿಮೆ ಖರ್ಚಿನಲ್ಲಿ ಹತ್ತಿರದಲ್ಲೇ ಓದು ಕೊಡುವ ಆ ಕೆಲಸ ಮಾಡುತ್ತ ಬಂದಿರುವುದು ಪಾಲಿಟೆಕ್ನಿಕ್ ಮತ್ತು ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ಫೀಸು ಕಡಿಮೆ, ಬಸ್ ಪಾಸ್ ಇದ್ದರೆ ಮನೆಯಿಂದಲೇ ಓಡಾಡಬಹುದು.

ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಎಚ್.ಡಿ. ದೇವೇಗೌಡರು ಸಿವಿಲ್ ಡಿಪ್ಲೊಮಾ ಓದಿದ್ದು ಹಾಸನದ ಎಲ್.ವಿ. ಪಾಲಿಟೆಕ್ನಿಕ್‌ನಲ್ಲಿ. ಅವರು 1962ರಲ್ಲಿ ಶಾಸಕರಾದರು, 1996ರಲ್ಲಿ ಪ್ರಧಾನಿಯಾದರು. ದೇಶಕ್ಕೇ ನಾಯಕರನ್ನು ಕೊಟ್ಟ ಇಂಥ ಸಂಸ್ಥೆಗಳಿಗೆ ತಮ್ಮದೇ ನಾಯಕರನ್ನು ಬೆಳೆಸುವ ವ್ಯವಸ್ಥೆ ಮಾತ್ರ ಬಹುಕಾಲ ಇರಲಿಲ್ಲ.

ಇದ್ದದ್ದು ಹಿರಿತನ. ಪ್ರಾಂಶುಪಾಲರು ನಿವೃತ್ತರಾದರೆ ಅಥವಾ ವರ್ಗವಾಗಿ ಹೋದರೆ, ಇದ್ದವರಲ್ಲಿ ಹಿರಿಯರಿಗೆ ‘ಪ್ರಭಾರ’. ನಿನ್ನೆಯವರೆಗೆ ಇತಿಹಾಸವನ್ನೋ ಸಸ್ಯಶಾಸ್ತ್ರವನ್ನೋ ಪಾಠ ಮಾಡುತ್ತಿದ್ದವರ ಮೇಜಿನ ಮೇಲೆ ಇಂದು ಖಜಾನೆ ಬಿಲ್ಲು, ಸೇವಾ ಪುಸ್ತಕ, ವಿದ್ಯಾರ್ಥಿವೇತನದ ಪಟ್ಟಿ, ಮಾಹಿತಿ ಹಕ್ಕಿನ ಅರ್ಜಿ. ಕೆಲಸ ಕೈಗೆ ಹತ್ತುವಷ್ಟರಲ್ಲಿ ಎಷ್ಟೋ ಜನಕ್ಕೆ ಅರವತ್ತು ತುಂಬಿರುತ್ತದೆ.

ಆದರೂ ಸಮರ್ಥರು ಬಂದೇ ಬಂದರು. ಅವರು ಪಳಗಿದ್ದು ಬಹುಪಾಲು ರಾಷ್ಟ್ರೀಯ ಸೇವಾ ಯೋಜನೆಯಲ್ಲಿ, ಅಂದರೆ ಎನ್‌ಎಸ್‌ಎಸ್‌ನಲ್ಲಿ. 1969ರಲ್ಲಿ ಶುರುವಾದ ಈ ಯೋಜನೆಯ ಏಳು ದಿನದ ವಿಶೇಷ ಶಿಬಿರವೆಂದರೆ ಯುವ ಉಪನ್ಯಾಸಕನಿಗೆ ಪೂರ್ತಿ ಆಡಳಿತವೇ. ಶಿಬಿರಾಧಿಕಾರಿ ಮುಂಚಿತವಾಗಿ ಹಳ್ಳಿಗೆ ಹೋಗಿ ಪಂಚಾಯಿತಿಯವರ ಹತ್ತಿರ ಮಾತಾಡಬೇಕು, ಶಾಲೆಯ ಕೊಠಡಿ ಕೇಳಬೇಕು, ಅಕ್ಕಿ ಬೇಳೆ ಹೊಂದಿಸಬೇಕು, ಅಡುಗೆಯವರನ್ನು ಗೊತ್ತುಮಾಡಬೇಕು. ಹೆಣ್ಣುಮಕ್ಕಳನ್ನು ಕಳಿಸಲು ಹಿಂಜರಿಯುವ ಅಪ್ಪ ಅಮ್ಮನನ್ನು ಒಪ್ಪಿಸಬೇಕು. ಬೆಳಿಗ್ಗೆ ಚರಂಡಿ ಕೆಲಸ, ಸಂಜೆ ಊರವರೆದುರು ಕಾರ್ಯಕ್ರಮ, ರಾತ್ರಿ ಖರ್ಚಿನ ಲೆಕ್ಕ. ಕೊನೆಯಲ್ಲಿ ಪ್ರತಿ ರಸೀದಿಯೂ ಲೆಕ್ಕಪರಿಶೋಧನೆಗೆ ನಿಲ್ಲಬೇಕು. ಜನ, ಹಣ, ಸಮಯ ಮೂರನ್ನೂ ಒಟ್ಟಿಗೆ ನಿಭಾಯಿಸುವುದನ್ನು ಇಷ್ಟು ಚೆನ್ನಾಗಿ ಕಲಿಸಿದ ತರಬೇತಿ ಇನ್ನೊಂದಿಲ್ಲ.

1960ರಲ್ಲಿ ಆರಂಭವಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನದು ಬೇರೆ ದಾರಿ. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಜೊತೆ ಮಲೆನಾಡು ತಾಂತ್ರಿಕ ಶಿಕ್ಷಣ ಸಂಸ್ಥೆ ಕೈಜೋಡಿಸಿದ್ದರಿಂದ ಅಲ್ಲಿ ಆಡಳಿತ ಮಂಡಳಿಯ ಮಾತು ನಡೆಯಿತು. ಸರ್ಕಾರಿ ವಲಯದಲ್ಲಿ ದೊಡ್ಡ ತಿರುವು ತಂದದ್ದು ಸ್ವಾಯತ್ತತೆ. ಹಾಸನದ ಸರ್ಕಾರಿ ಕಲಾ ಕಾಲೇಜು, ವಿಜ್ಞಾನ ಕಾಲೇಜುಗಳು ಸ್ವಾಯತ್ತವಾದ ಮೇಲೆ ಪಠ್ಯಕ್ರಮ, ಪ್ರಶ್ನೆಪತ್ರಿಕೆ, ಫಲಿತಾಂಶ ಎಲ್ಲವೂ ಕಾಲೇಜಿನದೇ ಹೊಣೆಯಾಯಿತು. ಅಧ್ಯಯನ ಮಂಡಳಿಯ ಅಧ್ಯಕ್ಷತೆ, ಪರೀಕ್ಷಾ ನಿಯಂತ್ರಕರ ಹುದ್ದೆಗಳು ಪ್ರಾಂಶುಪಾಲ ಪದವಿಗೆ ಮೆಟ್ಟಿಲಾದವು. ತಾಲ್ಲೂಕು ಕೇಂದ್ರಗಳಲ್ಲಿ ಈ ಪಾತ್ರ ವಹಿಸಿದ್ದು ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮಾನ್ಯತೆಗಾಗಿ ರಚನೆಯಾದ ಆಂತರಿಕ ಗುಣಮಟ್ಟ ಭರವಸೆ ಕೋಶ.

ಔಪಚಾರಿಕ ತರಬೇತಿ ಬಂದದ್ದು ತಡವಾಗಿ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಅಕಾಡೆಮಿಕ್ ಸ್ಟಾಫ್ ಕಾಲೇಜು ತೆರೆಯಿತು. ಹಾಸನದ ಅಧ್ಯಾಪಕರು ಓರಿಯೆಂಟೇಶನ್, ರಿಫ್ರೆಶರ್ ಕೋರ್ಸುಗಳಿಗೆ ಅಲ್ಲಿಗೆ ಹೋಗಿಬಂದರು. ಅವು ಬಡ್ತಿಗೆ ಬೇಕಾದ ಪ್ರಮಾಣಪತ್ರ ಕೊಟ್ಟವು, ಕಚೇರಿ ನಡೆಸುವುದನ್ನು ಅಷ್ಟಾಗಿ ಕಲಿಸಲಿಲ್ಲ. 2018ರ ಯುಜಿಸಿ ನಿಯಮ ಪ್ರಾಂಶುಪಾಲರಿಗೆ ಪಿಎಚ್‌ಡಿ, 15 ವರ್ಷದ ಅನುಭವ, 10 ಸಂಶೋಧನಾ ಪ್ರಕಟಣೆ ಬೇಕೆಂದು ವಿಧಿಸಿ, ಅವಧಿಯನ್ನು 5 ವರ್ಷಕ್ಕೆ ನಿಗದಿ ಮಾಡಿತು. ಹಿರಿಯ ಅಧ್ಯಾಪಕರೊಬ್ಬರನ್ನು 2 ವರ್ಷ ಉಪಪ್ರಾಂಶುಪಾಲರನ್ನಾಗಿ ಮಾಡುವ ಅವಕಾಶವೂ ಅದರಲ್ಲಿದೆ. ಮುಂದಿನವರನ್ನು ಈಗಲೇ ಅಣಿಗೊಳಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ತಾಲ್ಲೂಕು ಕಾಲೇಜುಗಳು ಮೊದಲು ಹಿಡಿಯಬೇಕಾದದ್ದು ಇದನ್ನೇ.

2023ರಲ್ಲಿ ಹಾಸನ ವಿಶ್ವವಿದ್ಯಾಲಯ ಬಂದು, ಅದುವರೆಗೆ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಹೇಮಗಂಗೋತ್ರಿಯೇ ಅದರ ನೆಲೆಯಾಯಿತು. ಹೀಗೆ ಜಿಲ್ಲೆಯ ಉನ್ನತ ಶಿಕ್ಷಣ ಹಿಗ್ಗಿದರೂ, ರಾಜ್ಯದ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ಭಾರ ಹೊತ್ತಿರುವ ಸಾವಿರಾರು ಅತಿಥಿ ಉಪನ್ಯಾಸಕರಿಗೆ, ಎಷ್ಟೇ ವರ್ಷ ದುಡಿದಿದ್ದರೂ, ಪ್ರಾಂಶುಪಾಲ ಹುದ್ದೆಗೆ ಏರುವ ಬಡ್ತಿಯ ಹಾದಿ ಇಲ್ಲ.